ತಾಮ್ರದ ಕೊಳವೆಯ ಮೊದಲ ಕೊಡ

ನಮ್ಮ ಮನೆ ಕದ್ರಿಯ ಗುಡ್ಡಕ್ಕೆ ಬೆನ್ನು ಕೊಟ್ಟು ಕುಳಿತಿತ್ತು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಚಾವಡಿ, ನಡುವೆ ದೇವರ ಕೋಣೆ, ಅದರ ಬಲಕ್ಕೆ ಮಡಿಯ ಅಡುಗೆಮನೆ. ಹಿತ್ತಿಲ ಬಾಗಿಲು ತೆರೆದರೆ ಗುಡ್ಡವನ್ನೇ ಕಡಿದು ಮಾಡಿದ ಐವತ್ತೆರಡು ಮೆಟ್ಟಿಲು. ಅವುಗಳ ತುದಿಯಲ್ಲಿ ಕಲ್ಲಿನ ಸಂದಿನಿಂದ ವರ್ಷವಿಡೀ ನೀರು ಜಿನುಗುವ ಒಂದು ಒರತೆಯಿತ್ತು; ಆ ನೀರು ನಿಲ್ಲಲೆಂದು ಹಿರಿಯರು ಕಟ್ಟಿಸಿದ ಚೌಕದ ತೊಟ್ಟಿಯಿತ್ತು. ಅಜ್ಜಯ್ಯ ಆ ನೀರನ್ನು ಗಂಗೆಯೆಂದೇ ಕರೆಯುತ್ತಿದ್ದರು. ರಸ್ತೆಯಾಚೆಯ ಮನೆಗಳಿಗೆಲ್ಲ ಪುರಸಭೆಯ ನಳ್ಳಿ ಬಂದಿತ್ತು. ನಮ್ಮಲ್ಲಿಗೆ ಬರಲು ಅವರು ಬಿಟ್ಟಿರಲಿಲ್ಲ. ಎಲ್ಲಿಂದಲೋ ಹೊರಟು ಯಾವ ಯಾವ ಕೊಳವೆಯಲ್ಲೋ ಹರಿದು ಬರುವ ನೀರು ದೇವರ ತಲೆಯ ಮೇಲೆ ಬೀಳಬಾರದು ಎಂಬುದು ಅವರ ನಿರ್ಧಾರ. ನನಗೀಗ ಎಪ್ಪತ್ತು ದಾಟಿದೆ. ಬೆಳಿಗ್ಗೆ ತೀರ್ಥ ತೆಗೆದುಕೊಳ್ಳದೆ ಬಾಯಿಗೆ ಬೇರೇನನ್ನೂ ಹಾಕಿದವಳಲ್ಲ. ಆದರೆ ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಚೊಂಬು ನೀರಿನ ವಿಷಯದಲ್ಲಿ ನಾನು ಅಜ್ಜಯ್ಯನಿಗೆ ಎದುರು ನಿಂತೆ. ಅದನ್ನು ಅವಿಧೇಯತೆ ಎನ್ನುವ ಬಂಧುಗಳು ಇಂದಿಗೂ ಇದ್ದಾರೆ. ಎನ್ನಲಿ. ನಾನು ಅದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡಿಲ್ಲ, ಮಾಡಿಕೊಳ್ಳುವುದೂ ಇಲ್ಲ.

ಅಜ್ಜಯ್ಯ ತರ್ಕಶಾಸ್ತ್ರವನ್ನು ಗುರುಮುಖದಿಂದ ಓದಿದವರು. ಮೊಮ್ಮಗಳೆಂದು ಭೇದ ಮಾಡದೆ, ಐದನೆಯ ವಯಸ್ಸಿನಿಂದಲೇ ನನ್ನನ್ನು ಚಾವಡಿಯಲ್ಲಿ ಎದುರು ಕೂರಿಸಿಕೊಂಡು ಸಂಸ್ಕೃತ ಹೇಳಿಕೊಟ್ಟರು. ಸಂಜೆ ದೀಪ ಹಚ್ಚಿದ ಮೇಲೆ ಪಾಠ. ನನ್ನಲ್ಲಿ ಇಂದು ಏನಾದರೂ ವಿವೇಕವಿದ್ದರೆ ಅದು ಅವರು ಕೊಟ್ಟದ್ದು. ಇದನ್ನು ಮೊದಲೇ ಬರೆದಿಡುತ್ತೇನೆ. ಮನೆಯಲ್ಲಿ ಅವರ ಮಗಳು, ನನ್ನ ಸೋದರತ್ತೆ ರುಕ್ಮಿಣಿ ಇದ್ದರು. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಮರಳಿದವರು. ಒಡವೆಯಿಲ್ಲ, ಹೂವಿಲ್ಲ, ಮದುವೆ ಮುಂಜಿಗಳಲ್ಲಿ ಮುಂದೆ ಬರುವಂತಿಲ್ಲ. ಅವರಿಗೆ ಉಳಿದದ್ದು ಒಂದೇ: ಮಡಿಯ ಅಡುಗೆಮನೆಯ ಒಲೆ. ದೇವರ ನೈವೇದ್ಯವನ್ನು ಅವರೇ ಮಾಡಬೇಕು. ಆ ಒಲೆಯ ಮುಂದೆ ಕುಳಿತಾಗ ಅತ್ತೆಯ ಬೆನ್ನು ನೆಟ್ಟಗಾಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ಹೊತ್ತಿನಲ್ಲಿ ಅಜ್ಜಯ್ಯನೂ ಹೊಸ್ತಿಲಾಚೆ ನಿಂತೇ ಮಾತಾಡುತ್ತಿದ್ದರು.

ಏಕಾದಶಿಯಂದು ಅಜ್ಜಯ್ಯ ಮತ್ತು ಅತ್ತೆ ಇಬ್ಬರದೂ ನಿರ್ಜಲ ಉಪವಾಸ. ಸೂರ್ಯೋದಯದಿಂದ ಮರುದಿನ ಸೂರ್ಯೋದಯದವರೆಗೆ ಒಂದು ಹನಿ ನೀರೂ ಇಲ್ಲ. ದ್ವಾದಶಿಯ ಮುಂಜಾನೆ ಉಪವಾಸ ಮುರಿಯುವ ಪಾರಣೆಯ ಊಟಕ್ಕೆ ಇಬ್ಬರು ಆಚಾರ್ಯರು ತಪ್ಪದೆ ಬರುತ್ತಿದ್ದರು. ಎಲ್ಲರೂ ಉಂಡ ಮೇಲೆಯೇ ಅತ್ತೆಗೆ ಊಟ. ಅಲ್ಲಿಯವರೆಗೆ ಬೆಂಕಿಯ ಮುಂದೆ ಬರಿಹೊಟ್ಟೆಯಲ್ಲಿ ಅಡುಗೆ. ಇದು ಅಜ್ಜಯ್ಯನಿಗೂ ಸಂಕಟವೇ. ಅದಕ್ಕೆ ಅವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಬೆಳಗಿನ ಜಾವ ಬೇರೆ ಯಾರೂ ಮುಟ್ಟುವ ಮೊದಲು ದೇವರಿಗೆಂದು ತುಂಬಿಸುವ ಮೊದಲ ಕೊಡಕ್ಕೆ ಅಗ್ರೋದಕ ಎಂದು ಹೆಸರು. ಅದರಿಂದ ಒಂದು ಚೊಂಬು ನೀರನ್ನು ತೆಗೆದು ತುಳಸಿ ಹಾಕಿ, ತಮ್ಮ ಕೈಯಾರೆ ಮಗಳಿಗೆ ಕೊಡುತ್ತಿದ್ದರು. ತಾವು ಮಾತ್ರ ಮೂರು ಉದ್ಧರಣೆ, ಅಂದರೆ ಮೂರು ಪುಟ್ಟ ಚಮಚದಷ್ಟು, ತೀರ್ಥವಷ್ಟೇ ತೆಗೆದುಕೊಂಡು ಊಟದವರೆಗೆ ಕಾಯುವರು. ಮನೆಯ ಶ್ರೇಷ್ಠವಾದ ನೀರು ಮಗಳಿಗೆ. ಪ್ರೀತಿ ಎಂಬ ಮಾತನ್ನು ಬಾಯಲ್ಲಿ ಆಡದ ಮನುಷ್ಯನ ಪ್ರೀತಿ ಅದು.

ಒಂದು ಆಷಾಢದಲ್ಲಿ ಅತ್ತೆ ಪಾಚಿಗಟ್ಟಿದ ಮೆಟ್ಟಿಲಿನಿಂದ ಕೊಡಪಾನ ಸಹಿತ ಬಿದ್ದರು. ಕೊಡಪಾನ ಉರುಳಿ ಅಂಗಳಕ್ಕೆ ಬಂತು, ಅತ್ತೆ ಅರ್ಧದಲ್ಲಿ ಉಳಿದರು. ಒಂದು ತಿಂಗಳು ಹಾಸಿಗೆ. ಅಜ್ಜಯ್ಯನ ಮೊಣಕಾಲುಗಳೂ ಸೋತಿದ್ದವು. ಅಗ್ರೋದಕವನ್ನು ಸ್ವತಃ ತರಲಾರದ ಕೊರಗು ಅವರಿಗೆ. ಆಗ ಅಮ್ಮ, ಎಂದೂ ಮಾವನ ಮುಂದೆ ಬಾಯಿ ತೆರೆಯದವರು, ಒರತೆಯಿಂದ ಕೆಳಕ್ಕೆ ಕೊಳವೆ ಹಾಕಿಸುವ ಮಾತೆತ್ತಿದರು. ಪಂಪು ಬೇಡ, ಸೇದುವುದು ಬೇಡ. ನೀರು ತಾನಾಗಿ ಇಳಿದು ಬರುತ್ತದೆ. ಮನುಷ್ಯರ ಕೈ ತಾಗದೆ ಬರುವ ನೀರು ಎಂಬುದು ಅಜ್ಜಯ್ಯನಿಗೆ ಹಿಡಿಸಿತು. ಮಳೆಗಾಲವೆಲ್ಲ ಕಳೆದು ಮಾಘದಲ್ಲಿ ಜೆಪ್ಪುವಿನಿಂದ ಲಾದ್ರು ಎಂಬ ಪೈಪಿನ ಕೆಲಸದವರು ಬಂದರು. ಕ್ರೈಸ್ತರನ್ನು ನಮ್ಮ ಕಡೆ ಪೊರ್ಬುಗಳೆಂದು ಗೌರವದಿಂದ ಕರೆಯುವುದು. ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆ. ನಮ್ಮ ಮನೆಯ ಮಾತು ತುಳು. ಅದನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹೊರಗಿನವರೊಡನೆ ಅಜ್ಜಯ್ಯ ಕನ್ನಡವನ್ನೇ ಆಡುತ್ತಿದ್ದರು.

“ಭಟ್ರೇ, ಜಿ.ಐ. ಪೈಪ್ ಹಾಕುವ. ಕಬ್ಬಿಣಕ್ಕೆ ಮೇಲಿಂದ ಸತುವಿನ ಲೇಪ ಉಂಟು. ಹತ್ತು ವರ್ಷ ನೀವು ತಿರುಗಿ ನೋಡ್ಲಿಕ್ಕಿಲ್ಲ.”

“ದೇವರ ನೀರು ಕಬ್ಬಿಣದ ಒಳಗಿಂದ ಬರ್ಲಿಕ್ಕುಂಟಾ ಲಾದ್ರು? ಬೇರೆ ಹೇಳು.”

“ಬೇರೆ ಅಂದ್ರೆ ಸೀಸದ್ದುಂಟು. ಬಗ್ಗಿಸ್ಲಿಕ್ಕೆ ಸುಲಭ. ಹಳೆ ಬಂಗ್ಲೆಗಳಲ್ಲಿ ಅದೇ ಇರುದು. ಆದ್ರೆ ಆ ನೀರು ನನ್ನ ಮಕ್ಕಳಿಗೆ ನಾನು ಕೊಡುದಿಲ್ಲ, ನಿಮ್ಮ ಮಕ್ಕಳಿಗೂ ಹಾಕುದಿಲ್ಲ.”

“ತಾಮ್ರ ಹಾಕು.”

“ತಾಮ್ರವಾ! ಅದು ಹಡಗಿನವರು ಹಾಕುದು ಭಟ್ರೇ!”

“ಹಡಗಿನವರಿಗೆ ಸಿಗುವುದು ದೇವರಿಗೆ ಸಿಗಬಾರದಾ? ಲೋಹಗಳಲ್ಲಿ ತಾಮ್ರ ಶುದ್ಧ. ಅದರಲ್ಲಿ ನಿಂತ ನೀರು ಇನ್ನೂ ಶುದ್ಧ.”

ಮನೆಯಲ್ಲಿದ್ದ ಎರಡು ದೊಡ್ಡ ತಾಮ್ರದ ಹಂಡೆಗಳನ್ನು ಬಂದರಿನ ಲೋಹದಂಗಡಿಗೆ ಕೊಟ್ಟು, ಬದಲಿಗೆ ಸಪೂರ ತಾಮ್ರದ ಕೊಳವೆಗಳನ್ನು ತರಿಸಲಾಯಿತು. ಲಾದ್ರು ಅವನ್ನು ಬೆಸೆದು ಮೆಟ್ಟಿಲುಗಳ ಬದಿಯಲ್ಲಿ ಇಳಿಸಿ ದೇವರ ಕೋಣೆಯ ಹಿಂದಿನ ಕಲ್ಲುಹಾಸಿನವರೆಗೆ ತಂದರು. ಕೊನೆಗೆ ನಳ್ಳಿ ಕೂರಿಸಲು ಹೊರಟರೆ ಅಜ್ಜಯ್ಯ ತಡೆದರು. ನಳ್ಳಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆಂದು ಅವರಿಗೆ ಗೊತ್ತಿತ್ತು. ಹಲಸಿನ ಮರದ ಒಂದು ಬೆಣೆಯನ್ನು ಕೆತ್ತಿ, ಹತ್ತಿಯ ನೂಲು ಸುತ್ತಿ, ಕೊಳವೆಯ ಬಾಯಿಗೆ ಜಡಿದರು. ಬೆಣೆ ಎಳೆದರೆ ನೀರು, ಜಡಿದರೆ ನಿಲುಗಡೆ. ಲಾದ್ರು ಸಲಕರಣೆ ಚೀಲಕ್ಕೆ ಹಾಕುತ್ತ ಒಂದು ಮಾತು ಹೇಳಿದರು.

“ಭಟ್ರೇ, ಬೆಳಿಗ್ಗೆ ಎದ್ದ ಕೂಡ್ಲೆ ಮೊದಲ ಒಂದು ಕೊಡಪಾನ ನೀರು ಚೆಲ್ಲಿಬಿಡಿ. ರಾತ್ರಿ ಇಡೀ ಪೈಪಿನೊಳಗೆ ನಿಂತದ್ದು ಅದು. ಮತ್ತೆ ಬರುವುದನ್ನು ಕುಡಿಯಿರಿ.”

“ಎಂತ ಹೇಳ್ತೀಯ ಮಾರಾಯ! ಅಗ್ರೋದಕವನ್ನು ಚೆಲ್ಲಿ, ಉಳಿದದ್ದನ್ನು ದೇವರಿಗೆ ಕೊಡ್ಲಿಕ್ಕಾ?”

“ನಾನು ಪೈಪಿನ ವಿಷಯ ಹೇಳಿದ್ದು. ದೇವರ ವಿಷಯ ನಿಮಗೇ ಗೊತ್ತು.”

ಅಜ್ಜಯ್ಯ ಗಟ್ಟಿಯಾಗಿ ನಕ್ಕರು. ಕಂಬಕ್ಕೆ ಒರಗಿ ನಿಂತಿದ್ದ ನಾನೂ ನಕ್ಕೆ. ಈ ಕಥನದಲ್ಲಿ ನನಗೆ ನಾಚಿಕೆ ತರುವುದು ಆ ನಗುವೊಂದೇ.

ಮರುದಿನದಿಂದ ಮನೆಯ ಚಹರೆ ಬದಲಾಯಿತು. ಬೆಳಗಿನ ಜಾವ ಅಜ್ಜಯ್ಯ ಒದ್ದೆ ಪಂಚೆಯಲ್ಲಿ ಬಂದು, ಮಂತ್ರ ಹೇಳುತ್ತ ಬೆಣೆ ಎಳೆದು, ಅಗ್ರೋದಕವನ್ನು ತಾವೇ ತುಂಬಿಸಿಕೊಳ್ಳುವರು. ವರ್ಷಗಳಿಂದ ಕೈಬಿಟ್ಟುಹೋಗಿದ್ದ ಸೇವೆ ಮರಳಿ ದೊರೆತ ಸಂತೋಷ ಅವರ ಸ್ವರದಲ್ಲೇ ಕೇಳಿಸುತ್ತಿತ್ತು. ಅಮ್ಮ ಮತ್ತು ಅತ್ತೆ ಮೆಟ್ಟಿಲನ್ನು ಮರೆತರು. ಅತ್ತೆಯ ಸೊಂಟದ ನೋವು ಇಳಿಯಿತು. ದಿನವೂ ನಮಗೆಲ್ಲ ಸಿಗುತ್ತಿದ್ದದ್ದು ಆ ಮೊದಲ ಕೊಡದ ಒಂದೊಂದು ಉದ್ಧರಣೆ ತೀರ್ಥ ಮಾತ್ರ. ಅಡುಗೆಗೆ, ಕುಡಿಯಲು ಬಳಸುತ್ತಿದ್ದದ್ದು ಆಮೇಲಿನ ಕೊಡಗಳ ನೀರು. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ.

ಕೊಳವೆ ಬಂದ ನಂತರದ ಮೊದಲ ದ್ವಾದಶಿಯಂದು ಅತ್ತೆ ಒಲೆಯ ಮುಂದಿನಿಂದ ಎದ್ದು ಹಿತ್ತಿಲಿಗೆ ಓಡಿದರು. ವಾಂತಿ. ನೈವೇದ್ಯದ ಅಡುಗೆ ಅರ್ಧಕ್ಕೆ ನಿಂತಿತು, ಮಾಡಿದ್ದೆಲ್ಲ ಮೈಲಿಗೆ. ಪಿತ್ತವಿರಬೇಕೆಂದು ಜೀರಿಗೆ ಕಷಾಯ ಕೊಟ್ಟರು. ಹದಿನೈದು ದಿನಗಳ ಮೇಲೆ ಮತ್ತೆ ಅದೇ. ಬಾಯಲ್ಲಿ ಕಾಸು ಕಚ್ಚಿದ ಹಾಗಾಗುತ್ತದೆ ಎಂದು ಅತ್ತೆ ಅಮ್ಮನೊಡನೆ ಹೇಳಿಕೊಂಡರು. ನಡುವಿನ ದಿನಗಳಲ್ಲಿ ಪೂರ್ತಿ ಆರೋಗ್ಯ. ಮೂರನೆಯ ಸಲ ಇಬ್ಬರು ಆಚಾರ್ಯರೂ ಚಾವಡಿಯಲ್ಲಿ ಕುಳಿತಿದ್ದಾಗ, ಬಾಗಿಲವರೆಗೂ ಹೋಗಲಾರದೆ ಅಡುಗೆಮನೆಯ ಹೊಸ್ತಿಲಲ್ಲೇ ಆಯಿತು. ಅಜ್ಜಯ್ಯ ಎದ್ದು ಬಂದು ದೂರದಲ್ಲಿ ನಿಂತರು. ಅವರ ಮುಖ ನ್ಯಾಯಾಧೀಶನ ಮುಖವಾಗಿತ್ತು.

“ತಿಂಗಳಲ್ಲಿ ಎರಡೇ ದಿನ, ಅದೂ ದ್ವಾದಶಿಯಂದೇ. ಮೊದಲಿಲ್ಲ, ಆಮೇಲಿಲ್ಲ. ಏಕಾದಶಿಯ ದಿನ ಕದ್ದು ತಿಂದವರ ಹೊಟ್ಟೆಯಲ್ಲಿ ದೇವರ ನೀರು ನಿಲ್ಲುವುದಿಲ್ಲ. ಎಂತ ತಿಂದದ್ದು ರುಕ್ಮಿಣೀ? ಡಬ್ಬದ ಅವಲಕ್ಕಿಯಾ?”

“ಅಪ್ಪಯ್ಯ, ಎಂತ ತಿಂದದ್ದು ಅಂತ ಇಲ್ಲೇ ಬಿದ್ದುಂಟಲ್ಲ, ನೋಡಿ. ನೀರು ಬಿಟ್ಟು ಎಂತ ಉಂಟು ಇದರಲ್ಲಿ?”

ಅದು ಮೈಲಿಗೆ; ಯಾರೂ ನೋಡಲಿಲ್ಲ. ಆಚಾರ್ಯರು ಅಂಗಳದ ಕಡೆ ತಿರುಗಿದರು. ಅತ್ತೆ ಇನ್ನು ನೈವೇದ್ಯದ ಒಲೆ ಮುಟ್ಟಬಾರದು ಎಂದು ಅಜ್ಜಯ್ಯ ಅಲ್ಲೇ ಹೇಳಿದರು. ಮುಂದಿನ ದ್ವಾದಶಿ ಕಳೆದ ಮೇಲೆ ಅವರನ್ನು ಉಡುಪಿಯ ಕಡೆಯ ದೂರದ ಬಂಧುಗಳ ಮನೆಗೆ ಕಳಿಸುವುದೆಂದೂ ತೀರ್ಮಾನವಾಯಿತು. ಆ ಮನೆಯನ್ನು ನಾನು ಕಂಡಿದ್ದೆ. ಅಲ್ಲಿ ಅತ್ತೆಯಂತೆ ಗಂಡನನ್ನು ಕಳೆದುಕೊಂಡ ಹೆಂಗಸರು ಇಬ್ಬರಿದ್ದರು. ಕೊಟ್ಟಿಗೆಗೆ ತಾಗಿದ ಕೋಣೆ, ಉಳಿದದ್ದರ ಊಟ. ಅತ್ತೆ ಅಳಲಿಲ್ಲ. ಹೊಸ್ತಿಲನ್ನು ತಾವೇ ಸಗಣಿ ಹಾಕಿ ಸಾರಿಸಿ, ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡರು.

ದೇವರ ಪಾತ್ರೆಗಳನ್ನು ತಿಕ್ಕುವುದು ನನ್ನ ಕೆಲಸ. ತಾಮ್ರಕ್ಕೆ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಹುಳಿಯೆಲ್ಲ ಕಪ್ಪು ಹಸಿರಾಗಿ, ಪಾತ್ರೆ ಹೊಸತಾಗುವುದು. ಆ ವಾರ ಕಲ್ಲುಹಾಸಿನ ಮೇಲೆ ಕುಳಿತು ತಿಕ್ಕುವಾಗ ಬೆಣೆಯ ಕೆಳಗೆ ನೀರು ತೊಟ್ಟಿಕ್ಕುವಲ್ಲಿ ಅಂಥದೇ ಹಸಿರು ಕಲೆಯನ್ನು ಕಂಡೆ. ಉಗುರಿನಿಂದ ಕೆರೆದೆ, ಬರಲಿಲ್ಲ. ಹುಳಿಯಿಲ್ಲದೆ ತಾಮ್ರ ಹೇಗೆ ಹಸಿರು ಬಿಟ್ಟಿತು? ಮರುದಿನ ಅಜ್ಜಯ್ಯ ಅಗ್ರೋದಕ ತುಂಬಿಸಿ ಒಳಗೆ ಹೋದ ಮೇಲೆ, ಆ ಕೊಡದಿಂದ ಕಲ್ಲಿನ ಮೇಲೆ ತುಳುಕಿದ್ದ ಹನಿಗಳನ್ನು ಬೆರಳಿನಿಂದ ನಾಲಿಗೆಗೆ ಮುಟ್ಟಿಸಿದೆ. ಕಾಸು ಕಚ್ಚಿದ ರುಚಿ. ಶಾಲೆಯ ದಾರಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಲಾದ್ರು ನಳ್ಳಿ ಬಿಚ್ಚುತ್ತ ಕುಳಿತಿದ್ದರು. ನಾನು ಗೇಟಿನ ಹೊರಗೇ ನಿಂತು ಕೇಳಿದೆ.

“ಪೊರ್ಬುಗಳೇ, ತಾಮ್ರದ ಚೊಂಬಿನ ನೀರು ಒಳ್ಳೆಯದು ಅಂತಾರೆ. ತಾಮ್ರದ ಕೊಳವೆಯ ನೀರು ಯಾಕೆ ಹಾಗಲ್ಲ?”

“ಯಾರಿಗೆ ಎಂತಾಯ್ತು ಮಗಾ?”

“ಅತ್ತೆಗೆ ವಾಂತಿ. ಮೊದಲ ಕೊಡದಿಂದ ಬರಿಹೊಟ್ಟೆಗೆ ಒಂದು ಚೊಂಬು ಕುಡಿದ್ರೆ.”

ಲಾದ್ರು ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನವನ್ನು ಕೆಳಗಿಟ್ಟರು.

“ಹೇಳಿದ್ದೇನಲ್ಲ ನಿಮ್ಮ ಅಜ್ಜನಿಗೆ! ನೋಡು, ಚೊಂಬನ್ನು ನೀನು ದಿನಾ ತಿಕ್ಕುತ್ತೀ. ಪೈಪಿನ ಒಳಗೆ ಯಾರು ಕೈ ಹಾಕಿ ತಿಕ್ಕುದು? ಚೊಂಬಿನಲ್ಲಿ ನೀರು ಜಾಸ್ತಿ, ತಾಮ್ರ ತಾಗುದು ಬದಿಯಲ್ಲಿ ಮಾತ್ರ. ಸಪೂರ ಪೈಪಿನಲ್ಲಿ ಸುತ್ತ ತಾಮ್ರವೇ, ಮಧ್ಯೆ ಒಂದು ಗೆರೆ ನೀರು. ಮತ್ತೆ ಈ ಮುರಕಲ್ಲು ಗುಡ್ಡದ ನೀರಿಗೆ ಒಂದು ಹುಳಿ ಉಂಟು. ನಿನ್ನ ನಾಲಿಗೆಗೆ ಗೊತ್ತಾಗುದಿಲ್ಲ, ತಾಮ್ರಕ್ಕೆ ಗೊತ್ತಾಗ್ತದೆ. ರಾತ್ರಿಯಿಡೀ ಅದು ಒಳಗೆ ಕೂತು ತಿಂತಾ ಇರ್ತದೆ. ಆ ಪೈಪಿನಲ್ಲಿ ನೀರು ಎಷ್ಟು ಹಿಡೀತದೆ ಗೊತ್ತುಂಟಾ? ಸರೀ ಒಂದು ಕೊಡಪಾನ.”

ಆ ದಿನ ಶಾಲೆಯಲ್ಲಿ ನನಗೆ ಯಾವ ಪಾಠವೂ ಕೇಳಿಸಲಿಲ್ಲ. ದೇವರಿಗೆಂದು ಯಾರೂ ಮುಟ್ಟದೆ ಮೀಸಲಿಟ್ಟ ಕೊಡ. ಅದೇ ಕೆಟ್ಟ ಕೊಡ. ಅದನ್ನು ಹೊಟ್ಟೆ ತುಂಬ ಕುಡಿಯುತ್ತಿದ್ದವರು ಮನೆಯಲ್ಲಿ ಒಬ್ಬರೇ, ಅದೂ ಮನೆಯವರೆಲ್ಲರಿಗಿಂತ ಕಟ್ಟುನಿಟ್ಟಾಗಿ ಉಪವಾಸ ಮಾಡಿದವರು. ಸಂಜೆ ದೀಪದ ಮುಂದೆ ಅಜ್ಜಯ್ಯ ಪುಸ್ತಕ ತೆರೆಯುವ ಮೊದಲೇ ನಾನು ಬಾಯಿ ತೆರೆದೆ. ಅವರು ಕಲಿಸಿದ ಕ್ರಮದಲ್ಲೇ ಕೇಳಿದೆ. ಒಂದು ಇದ್ದಲ್ಲಿ ಇನ್ನೊಂದು ಇರಬೇಕು, ಅದು ಅನ್ವಯ. ಒಂದು ಇಲ್ಲದಲ್ಲಿ ಇನ್ನೊಂದೂ ಇರಬಾರದು, ಅದು ವ್ಯತಿರೇಕ. ಎರಡೂ ಕೂಡಿದರೆ ಮಾತ್ರ ಕಾರಣ ಸಿದ್ಧವಾಗುತ್ತದೆ ಎಂದು ನೂರು ಸಲ ಹೇಳಿಕೊಟ್ಟವರು ಅವರು.

“ಅಜ್ಜಯ್ಯ, ಅತ್ತೆ ಏಕಾದಶಿ ಮಾಡ್ಲಿಕ್ಕೆ ಶುರುಮಾಡಿ ಎಷ್ಟು ವರ್ಷ ಆಯ್ತು?”

“ಹದಿನಾಲ್ಕು.”

“ಕೊಳವೆ ಬರುವ ಮೊದಲು ಒಮ್ಮೆಯಾದ್ರೂ ವಾಂತಿ ಆಗಿದೆಯಾ?”

“ಇಲ್ಲ.”

“ಹಾಗಾದ್ರೆ ಹೊಸತಾಗಿ ಬಂದದ್ದು ಎಂತ? ಅವಲಕ್ಕಿ ಮೊದಲೂ ಇತ್ತಲ್ಲ.”

ಅಜ್ಜಯ್ಯನ ಕೈ ಪುಸ್ತಕದ ಮೇಲೆ ನಿಂತಿತು. ನಾನು ಹಸಿರು ಕಲೆಯ ಮಾತು, ರುಚಿಯ ಮಾತು, ಲಾದ್ರು ಹೇಳಿದ ಮಾತು ಎಲ್ಲವನ್ನೂ ಹೇಳಿದೆ. ಲಾದ್ರುವಿನ ಹೆಸರು ಬಂದ ಕೂಡಲೇ ಅವರ ಹುಬ್ಬು ಗಂಟಿಕ್ಕಿತು.

“ತಾಮ್ರ ಅಶುದ್ಧ ಅಂತ ಪೈಪಿನವನಿಂದ ಕಲಿತು ಬಂದು ನನಗೆ ಹೇಳ್ತೀಯಾ? ವಾರಿಜಾ, ನಿನಗೆ ವಿದ್ಯೆ ಕೊಟ್ಟದ್ದು ಹಿರಿಯರನ್ನು ಅಳೀಲಿಕ್ಕಲ್ಲ.”

“ಮತ್ತೆ ಎಂತಕ್ಕೆ ಕೊಟ್ಟದ್ದು?”

ಹಿಂದಿನಿಂದ ಬಂದ ಅಮ್ಮನ ಕೈ ನನ್ನ ಕೆನ್ನೆಗೆ ಬಿತ್ತು. ಅಜ್ಜಯ್ಯ ಪುಸ್ತಕ ಮಡಚಿ ಕೆಂಪು ಬಟ್ಟೆಯಲ್ಲಿ ಕಟ್ಟಿದರು. ನಾಳೆಯಿಂದ ಪಾಠವಿಲ್ಲ ಎಂದರು. ಆ ಮಾತು ಪೆಟ್ಟಿಗಿಂತ ಹೆಚ್ಚು ಉರಿಯಿತು. ಆದರೂ ನಾನು ಏಳಲಿಲ್ಲ. ಕಣ್ಣೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಬರುವ ಏಕಾದಶಿ ನಾನೂ ನಿರ್ಜಲ ಮಾಡ್ತೇನೆ. ಹಗಲೂ ರಾತ್ರಿಯೂ ನಿಮ್ಮ ಹತ್ರವೇ ಇರ್ತೇನೆ, ನೀವೇ ಕಾಯಿರಿ. ಬೆಳಿಗ್ಗೆ ಅತ್ತೆಗೆ ಕೊಡುವ ಚೊಂಬನ್ನು ನನಗೆ ಕೊಡಿ. ಅತ್ತೆಗೆ ಮೇಲಿನ ಒರತೆಯಿಂದಲೇ ತಂದ ನೀರು ಕೊಡಿ.”

“ನಿನಗೆ ಎಂತದೂ ಆಗದಿದ್ರೆ?”

“ಆಗದಿದ್ರೆ ನಾನೇ ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಬರ್ತೇನೆ.”

ಅಜ್ಜಯ್ಯ ಪುಸ್ತಕದ ಗಂಟನ್ನು ಪಕ್ಕಕ್ಕಿಟ್ಟರು. ಬೇಡವೆನ್ನಬಹುದಿತ್ತು. ಆದರೆ ವಾದಕ್ಕೆ ಕರೆದವರಿಂದ ಮುಖ ತಿರುಗಿಸುವ ಅಭ್ಯಾಸ ಅವರಿಗಿರಲಿಲ್ಲ, ಎದುರಾಳಿ ಲಂಗ ತೊಟ್ಟ ಹುಡುಗಿಯಾದರೂ.

“ಮೇಲಿಂದ ನೀರು ತರುವುದು ಯಾರು?” ಎಂದಷ್ಟೇ ಕೇಳಿದರು.

“ನಾನು ತರ್ತೇನೆ,” ಎಂದು ಬಾಗಿಲ ಹಿಂದಿನಿಂದ ಅಪ್ಪನ ಸ್ವರ ಬಂತು. ತಂದೆಯ ಮಾತಿನ ನಡುವೆ ಅಪ್ಪ ಬಾಯಿ ಹಾಕಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಏಕಾದಶಿಯ ಆ ದಿನ ಎಷ್ಟು ಉದ್ದವಿತ್ತೆಂದು ಬರೆಯಲಾರೆ. ಚೈತ್ರದ ಸೆಕೆ. ಅಜ್ಜಯ್ಯ ಜಪಕ್ಕೆ ಕುಳಿತಲ್ಲಿ ನಾನೂ ಕುಳಿತೆ. ಅವರು ತುಳಸಿಗೆ ಸುತ್ತು ಬಂದರೆ ನಾನೂ ಬಂದೆ. ಬಚ್ಚಲಿಗೆ ಹೋಗುವಾಗ ಬಾಗಿಲಲ್ಲಿ ಅಮ್ಮನನ್ನು ಸಾಕ್ಷಿಯಾಗಿ ನಿಲ್ಲಿಸಿ ಹೋದೆ. ಒಳಗೆ ನನ್ನ ಚಿಕ್ಕ ತಮ್ಮಂದಿರಿಗೆಂದು ಅಮ್ಮ ಮಾಡಿದ ಸಜ್ಜಿಗೆಯ ಒಗ್ಗರಣೆ ಮೂಗಿಗೆ ಬಂದಾಗ ಉಗುಳು ನುಂಗಲೂ ಬಾಯಲ್ಲಿ ಉಗುಳಿರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಅಜ್ಜಯ್ಯ ಬೀಸಣಿಗೆ ತೆಗೆದುಕೊಂಡು, ನನ್ನ ಕಡೆ ನೋಡದೆ, ನನಗೇ ಗಾಳಿ ಬೀಸತೊಡಗಿದರು.

“ಬಾಯಿ ಒಣಗ್ತದಾ?”

“ಇಲ್ಲ.”

“ಸುಳ್ಳು ಹೇಳಿದ್ರೆ ಉಪವಾಸದ ಫಲ ಹೋಗ್ತದೆ.”

“ಒಣಗ್ತದೆ.”

“ಹೂಂ. ನನಗೂ.”

ಆ ರಾತ್ರಿ ಅವರ ಚಾಪೆಯ ಪಕ್ಕದಲ್ಲೇ ಮಲಗಿದೆ. ಬೆಳಗಿನ ಜಾವ ಅಪ್ಪ ಕೊಡಪಾನ ಹಿಡಿದು ಐವತ್ತೆರಡು ಮೆಟ್ಟಿಲು ಹತ್ತಿ ಇಳಿದರು. ಅಜ್ಜಯ್ಯ ಬೆಣೆ ಎಳೆದು ಮೊದಲ ಕೊಡ ತುಂಬಿಸಿದರು. ಪೂಜೆಯ ಮೊದಲ ಭಾಗ ಮುಗಿದು, ಬೆಳಕು ಹರಿದಾಗ, ಎರಡು ಚೊಂಬುಗಳು ಹೊಸ್ತಿಲ ಮೇಲೆ ಬಂದವು. ನನ್ನದನ್ನು ಎತ್ತಿ ಕೊಡುವಾಗ ಅವರ ಕೈ ಒಂದು ಕ್ಷಣ ತಡೆಯಿತು. ನಾನು ಎಳೆದುಕೊಂಡೆ. ಒಂದೇ ಉಸಿರಿಗೆ ಕುಡಿದೆ. ಅಷ್ಟು ಬಾಯಾರಿತ್ತು, ರುಚಿ ಗೊತ್ತಾದದ್ದು ಚೊಂಬು ಬರಿದಾದ ಮೇಲೆ. ಅತ್ತೆ ನನ್ನನ್ನೇ ನೋಡುತ್ತ ತಮ್ಮ ಚೊಂಬನ್ನು ಕುಡಿದರು. ಆಮೇಲೆ ಕಾಯುವಿಕೆ. ಅಜ್ಜಯ್ಯ ಗಂಧ ತೇಯುತ್ತಿದ್ದರು. ಕಲ್ಲಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಏನೂ ಆಗಲಿಲ್ಲ. ನನಗೆ ಭಯವಾಯಿತು. ನಾನು ಆರೋಗ್ಯವಾಗಿ ಉಳಿದರೆ ಅತ್ತೆ ಹೋಗಬೇಕು. ಕಣ್ಣು ಮುಚ್ಚಿ ಶ್ರೀಹರಿಯನ್ನು ಬೇಡಿಕೊಂಡೆ. ದೇವರಲ್ಲಿ ವಾಂತಿಯನ್ನು ವರವಾಗಿ ಕೇಳಿದ ಭಕ್ತೆ ನಾನೊಬ್ಬಳೇ ಇರಬೇಕು. ಬೇಡಿಕೆ ಮುಗಿಯುವ ಮೊದಲೇ ಕಿಬ್ಬೊಟ್ಟೆಯಿಂದ ಏನೋ ಹಿಂಡಿಕೊಂಡು ಮೇಲೇರಿತು. ಅಂಗಳಕ್ಕೆ ಓಡಿದೆ. ಎರಡು ಸಲ, ಮೂರು ಸಲ. ಕಣ್ಣಿಗೆ ಕತ್ತಲೆ ಬಂದರೂ ನೆಲಕ್ಕೆ ಕೈಯೂರಿ ಕೂಗಿದೆ.

“ಬನ್ನಿ ಅಜ್ಜಯ್ಯ. ಈ ಸಲ ನೋಡಿ. ಅವಲಕ್ಕಿ ಉಂಟಾ?”

ಅವರು ಬಂದರು. ಮಡಿಯಲ್ಲಿದ್ದವರು, ಪೂಜೆಯ ನಡುವಿದ್ದವರು, ನನ್ನ ವಾಂತಿಯ ಪಕ್ಕದಲ್ಲಿ ಬಗ್ಗಿ ನಿಂತು ನೋಡಿದರು. ಸ್ವಚ್ಛವಾದ ನೀರು; ಒಂದು ತುಳಸಿ ಎಲೆ. ನನ್ನ ತಲೆಯನ್ನು ತಮ್ಮ ಒದ್ದೆ ಪಂಚೆಗೆ ಆನಿಸಿಕೊಂಡು ಸ್ವಲ್ಪ ಹೊತ್ತು ನಿಂತರು. ಅನಂತರ ಮಗಳ ಕಡೆ ತಿರುಗಿದರು.

“ರುಕ್ಮಿಣೀ, ನಿನಗೆ?”

“ನನಗೆ ಎಂತದೂ ಇಲ್ಲ ಅಪ್ಪಯ್ಯ.”

“ಆ ಕೊಳವೆಯನ್ನು ಇವತ್ತೇ ಕೀಳಿಸ್ತೇನೆ.”

“ಕೀಳುದು ಬೇಡ. ನೀವು ಕೀಳಿಸ್ತೀರಿ, ಮೆಟ್ಟಿಲು ಹತ್ತಿ ಬೀಳುವವರು ನಾವು. ಮೊದಲ ಕೊಡವನ್ನು ತೆಂಗಿನ ಬುಡಕ್ಕೆ ಹೊಯ್ಯಿರಿ. ಎರಡನೆಯದ್ದು ಅಗ್ರೋದಕ ಅಂತ ಹೇಳಿ.”

“ಹಾಗೆ ಶಾಸ್ತ್ರದಲ್ಲಿ…”

“ಶಾಸ್ತ್ರ ಹೇಳುದು ನೀವೇ ಅಲ್ವಾ?”

ಅಜ್ಜಯ್ಯ ಮತ್ತೆ ಸ್ನಾನ ಮಾಡಿ ಬಂದು, ಹೊಸ್ತಿಲಾಚೆ ನಿಂತು, ಒಲೆ ಹೊತ್ತಿಸಲು ಹೇಳಿದರು. ದ್ವಾದಶಿ ಆ ದಿನ ಬೇಗ ಮುಗಿಯುವುದಿತ್ತು; ಅಷ್ಟರೊಳಗೆ ಪಾರಣೆಯಾಗಬೇಕು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುಳಿತರು. ಒಳಗೆ ಹೋಗಲಿಲ್ಲ.

“ಇಲ್ಲ ಅಪ್ಪಯ್ಯ. ನೀರು ನನಗೆ ವಾಂತಿ ಮಾಡಿಸಿತು, ಅಷ್ಟೇ. ಕಳ್ಳಿ ಅಂತ ಹೇಳಿದ್ದು ನೀವು. ಇಬ್ಬರು ಕೇಳುವ ಹಾಗೆ ಹೇಳಿದ್ದು. ಅವರಿಬ್ಬರು ಬರ್ಲಿ.”

ಒಲೆಯನ್ನು ನೀನಾದರೂ ಹೊತ್ತಿಸು ಎಂದು ಅಜ್ಜಯ್ಯ ಅಮ್ಮನಿಗೆ ಕೂಗಿ ಹೇಳಿದರು. ಕತ್ತಲೆಯ ನಡುಮನೆಯಿಂದ ಅಮ್ಮ, ಹೊರಗೆ ಬಾರದೆ, “ನಾನು ಮಡಿ ಉಟ್ಟಿಲ್ಲ ಮಾವಯ್ಯ,” ಎಂದರು.

ನಾನು ಚಾವಡಿಯ ಕಂಬಕ್ಕೆ ಒರಗಿ, ಅಪ್ಪ ಕೊಟ್ಟ ಎಳನೀರು ಹೀರುತ್ತಿದ್ದೆ. ಬಿಸಿಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು. ಎಪ್ಪತ್ತು ವರ್ಷದ ಹಿರಿಯರು ಇಡೀ ದಿನದ ಉಪವಾಸದಲ್ಲಿ ಆ ಬಿಸಿಲನ್ನು ನೋಡುತ್ತ ನಿಂತಿದ್ದರು. ಪಾರಣೆಯ ಹೊತ್ತು ಮೀರಿದರೆ ವ್ರತವೆಲ್ಲ ವ್ಯರ್ಥ. ಮಗಳು ತಲೆ ಎತ್ತಲಿಲ್ಲ. ಅಜ್ಜಯ್ಯನ ಮೇಲೆ ನನಗೆ ಕನಿಕರವಾಯಿತು. ಆದರೆ ಎದ್ದು ಹೋಗಿ ಅತ್ತೆಯನ್ನು ಒಪ್ಪಿಸಬೇಕೆಂದು ಅನ್ನಿಸಲಿಲ್ಲ. ಭಕ್ತಿಯೆಂದರೆ ಬಗ್ಗುವುದು ಎಂದು ತಿಳಿದವರು ಬಹಳ ಮಂದಿ. ಬೆನ್ನು ನೆಟ್ಟಗೆ ಇಟ್ಟುಕೊಂಡೂ ಭಕ್ತಿ ಮಾಡಬಹುದೆಂದು ನಾನು ಕಲಿತದ್ದು ಆ ಬಾಗಿಲಲ್ಲಿ ಕುಳಿತ ಹೆಂಗಸಿನಿಂದ.

ಆಚಾರ್ಯರಿಬ್ಬರೂ ಕಾಲು ತೊಳೆದು ಬಂದು ಮಣೆಯ ಮೇಲೆ ಕುಳಿತರು. ಒಳಗೆ ಹೊಗೆಯಿಲ್ಲದ್ದನ್ನು ಕಂಡು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅಜ್ಜಯ್ಯ ಅವರ ಎದುರು ನಿಂತು, ಶಾಲು ಸರಿಪಡಿಸಿಕೊಂಡು, ಸಂಸ್ಕೃತದಲ್ಲಿ ಮಾತಾಡತೊಡಗಿದರು. ತಮ್ಮ ಅನುಮಾನ, ಅಂದರೆ ತರ್ಕ, ದುಷ್ಟವಾಗಿತ್ತು, ತೋರಿದ ಹೇತು ಹೇತುವಲ್ಲ, ಹೇತುವಿನಂತೆ ತೋರುವ ಆಭಾಸ. ದೋಷ ಜಲದ್ದು, ಜನದ್ದಲ್ಲ ಎಂದರು. ಶುದ್ಧವಾದ, ಚೆಂದವಾದ ವಾಕ್ಯಗಳು. ಆಚಾರ್ಯರು ತಲೆದೂಗಿದರು. ನನಗೆ ಎಲ್ಲವೂ ಅರ್ಥವಾಯಿತು. ಅತ್ತೆಗೆ ಅಕ್ಷರವೂ ಅರ್ಥವಾಗಲಿಲ್ಲ. ಅವರಿಗೆ ಯಾರೂ ಚಾವಡಿಯಲ್ಲಿ ಪಾಠ ಹೇಳಿಕೊಟ್ಟಿರಲಿಲ್ಲ.

“ಅಪ್ಪಯ್ಯ,” ಎಂದು ಅವರು ಬಾಗಿಲಿನಿಂದಲೇ ಕರೆದರು, “ಕಳ್ಳಿ ಅಂತ ಹೇಳುವಾಗ ನನಗೆ ಗೊತ್ತಾಗುವ ಭಾಷೆಯಲ್ಲಿ ಹೇಳಿದ್ರಲ್ಲ.”

ಅಜ್ಜಯ್ಯ ಮಣೆಗಳ ಕಡೆಯಿಂದ ತಿರುಗಿ, ಸೋತ ಮೊಣಕಾಲುಗಳಲ್ಲಿ ನಿಧಾನವಾಗಿ ನಡೆದು ಮಗಳ ಮುಂದೆ ಬಂದು ನಿಂತರು. ತಪ್ಪು ತಮ್ಮದೆಂದು ಮನೆಯ ತುಳುವಿನಲ್ಲಿ, ಆಚಾರ್ಯರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

“ತಪ್ಪು ಎನ್ನ, ರುಕ್ಮಿಣೀ.”

ಅತ್ತೆ ಎದ್ದರು. ಸೆರಗನ್ನು ಬಿಗಿದು, ಮಡಿಯ ಅಡುಗೆಮನೆಯೊಳಗೆ ಕಾಲಿಟ್ಟು, ಒಲೆಗೆ ತೆಂಗಿನ ಗರಿ ತುರುಕಿ ಬೆಂಕಿ ಹಚ್ಚಿದರು. “ಅಕ್ಕಿ ಎಲ್ಲಿ?” ಎಂದು ಕೇಳಿದರು. ನಡುಮನೆಯ ಕತ್ತಲೆಯಿಂದ ಅಮ್ಮ ತೊಳೆದ ಅಕ್ಕಿಯ ಪಾತ್ರೆಯನ್ನು ಸೊಂಟದಲ್ಲಿಟ್ಟುಕೊಂಡು ಬಂದರು. ಅವರು ಒದ್ದೆಯಾಗಿ ಉಟ್ಟ ಮಡಿಸೀರೆ ಮೈಮೇಲೆಯೇ ಅರ್ಧ ಆರಿತ್ತು. ಅಜ್ಜಯ್ಯ ಕೂಗಿದಾಗಲೇ ಅವರು ಸ್ನಾನ ಮಾಡಿ ಮಡಿಯುಟ್ಟು ಎಷ್ಟೋ ಹೊತ್ತಾಗಿತ್ತು.